ಹೆಮ್ಮಿಗೆಯ ಸೈಕಲ್ಲಿನ ಬಲಮರೆ

ನನ್ನ ಟೂಲ್ ಡಬ್ಬಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ಕ್ಯಾಲಿಪರ್ ಇತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಆದ ಪಡಿಪಾಟಲಿಗೆಲ್ಲ ಅದನ್ನು ಡಬ್ಬಿಯಿಂದ ಹೊರಗೆ ತೆಗೆಯದೆ ಇದ್ದದ್ದೇ ಕಾರಣ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡುವವಳು ನಾನು. "ಅಳೆದು ಬರೀರಿ, ಅಂದಾಜಿಗೆ ಬರೀಬೇಡಿ" ಎಂದು ಮಕ್ಕಳಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಹಳೆಯ ರೋಡ್ ಸೈಕಲ್ಲುಗಳನ್ನು ಬಿಚ್ಚಿ, ತುಕ್ಕು ತೆಗೆದು, ಮತ್ತೆ ಓಡುವಂತೆ ಮಾಡುವುದು ನನ್ನ ಭಾನುವಾರಗಳ ಹುಚ್ಚು. ನಮ್ಮದು ತಲೆಮಾರುಗಳಿಂದ ದೇವಸ್ಥಾನದ ಕೆಲಸ ಮಾಡಿಕೊಂಡು ಬಂದ ಮನೆ. ಹಿತ್ತಲಲ್ಲಿ ಮಡಿಬಟ್ಟೆ ಒಣಗುವ ಹಗ್ಗದ ಕೆಳಗೇ ಸೈಕಲ್ ಚೈನು ಸೀಮೆಎಣ್ಣೆಯಲ್ಲಿ ನೆನೆಯುತ್ತಿರುತ್ತದೆ. "ಕುಂಕುಮ ಇಟ್ಕೊಳೋ ಬೆರಳಲ್ಲಿ ಗ್ರೀಸು! ನಿಮ್ಮಪ್ಪ ನಿನ್ನನ್ನ ಸೈಕಲ್ ಶಾಪಿಗೆ ಕೊಡೋಕೆ ಹೋಗಿ ದಾರಿತಪ್ಪಿ ನಮ್ಮನೆಗೆ ಬಂದ್ರೇನೇ?" ಎಂದು ಅತ್ತೆ ಛೇಡಿಸುತ್ತಾರೆ. ಛೇಡಿಸುತ್ತಲೇ, ದೇವರ ಪಾತ್ರೆ ತಿಕ್ಕುವ ಹುಣಸೆಹಣ್ಣಿನಲ್ಲಿ ಒಂದು ಉಂಡೆ ತೆಗೆದು ನನಗೆಂದು ಎತ್ತಿಡುತ್ತಾರೆ. ಕ್ರೋಮ್ ಮೇಲಿನ ತುಕ್ಕಿಗೆ ಹುಣಸೆಹುಳಿಗಿಂತ ಒಳ್ಳೆಯ ಮದ್ದನ್ನು ನಾನಿನ್ನೂ ಕಂಡಿಲ್ಲ.

ಹಾಗೆ ರಿಪೇರಿಯಾದ ಒಂದು ಸೈಕಲ್ ಏರಿ ಒಂದು ಭಾನುವಾರ ತಿ. ನರಸೀಪುರದ ಕಡೆ ಹೋಗಿದ್ದೆ. ಹೆಮ್ಮಿಗೆಯ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸೊಬ್ಬರು ಕೈ ಅಡ್ಡ ಹಾಕಿ ನಿಲ್ಲಿಸಿದರು. ಐವತ್ತರ ಆಸುಪಾಸು. ನನ್ನ ಮುಖವನ್ನು ನೋಡಲೇ ಇಲ್ಲ, ನೋಡಿದ್ದು ಕೆಳಕ್ಕೆ ಬಾಗಿದ ಹ್ಯಾಂಡಲ್ಲನ್ನು.

"ಟಗರುಕೊಂಬಿನ ಆಂಡ್ಲು!" ಎಂದರು. "ನಮ್ಮಟ್ಟೀಲೂ ಇಂತದೇ ಒಂದು ಅದೆ ಕಣವ್ವ. ನಮ್ಮಪ್ಪಂದು. ಇದನ್ನ ರಿಪೇರಿ ಮಾಡ್ದೋರು ಯಾರು?"

"ನಾನೇ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ಅಳೆದರು. ಅವರ ಕಣ್ಣಿಗಾದರೂ ಅಳೆಯುವ ಬುದ್ಧಿ ಇತ್ತು. "ಬನ್ನಿ, ಕಾಪಿ ಕುಡ್ಕಂಡು ಓಗೀರಂತೆ" ಎಂದು ಕ್ಯಾನು ಎತ್ತಿಕೊಂಡು ಮುಂದೆ ನಡೆದರು.

ಅವರ ತಂದೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಬಹಳ ವರ್ಷ ಸೈಕಲ್ ಶಾಪ್ ಇಟ್ಟಿದ್ದವರು. ಊರಿಗೆಲ್ಲ ಅವರು ಮೇಸ್ತ್ರಿ. ನಾನೂ ಹಾಗೇ ಕರೆಯುತ್ತೇನೆ. ಒಂದೂವರೆ ವರ್ಷದ ಹಿಂದೆ ಸ್ಟ್ರೋಕ್ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋಗಿದ್ದವು. ಫಿಸಿಯೋಥೆರಪಿಯಿಂದ ಕಾಲು ಅರ್ಧ ಬಂದಿತ್ತು, ಹಿಡಿದುಕೊಂಡರೆ ನಡೆಯಬಲ್ಲರು. ಮಾತು ಮಾತ್ರ ಬರಲಿಲ್ಲ. ನೂರು ಮಾತು ಆಡಹೋದರೆ ಒಂದು ಹೊರಗೆ ಬರುತ್ತಿತ್ತು, ಆ ಒಂದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದಾಗ ರೇಗುತ್ತಿದ್ದರು, ರೇಗಿ ರೇಗಿ ಸಾಕಾಗಿ ಕೊನೆಗೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ನಾನು ಹೋದಾಗ ಕೋಣೆ ಬಿಟ್ಟು ಹೊರಗೆ ಬಂದು ನಾಲ್ಕು ತಿಂಗಳಾಗಿತ್ತು.

"ಇಂಗೇ ಬಿದ್ಕಂಡಿದ್ರೆ ಬಂದಿರೋ ಕಾಲೂ ಮರಗಟ್ಟೋಯ್ತದೆ ಅಂತವ್ರೆ ಪಿಜಿಯೋದೋರು" ಎಂದರು ಮಗಳು. "ಕೊಟ್ಗೆ ಬಾಗ್ಲು ತಗುದು ಸೈಕಲ್ ಕಾಣಿಸ್ತು ಅಂದ್ರೆ ಮಾತ್ರ ಈ ಕಡೀಕ್ ತಿರುಗ್ತಾರೆ. ಅದೊಂದು ನೆಟ್ಟಗೆ ನಿಂತ್ಕಂಡು ಓಡ್ತು ಅಂದ್ರೆ ಅಪ್ಪ ಆಚೀಕ್ ಬತ್ತಾರೇನೋ ಅಂತ ನಂಗೊಂದು ಆಸೆ ಕಣವ್ವ."

ಒಂದೇ ಷರತ್ತು: ಸೈಕಲ್ ಮನೆ ಬಿಟ್ಟು ಹೋಗಬಾರದು. ಮೈಸೂರಿಗೆ ರಿಪೇರಿಗೆ ಒಯ್ಯೋಣವೆಂದು ಅಳಿಯ ಒಮ್ಮೆ ಅದನ್ನು ಗೂಡ್ಸ್ ಆಟೋಗೆ ಏರಿಸಿದಾಗ ಮೇಸ್ತ್ರಿ ಕೂಗಿದ ಕೂಗಿಗೆ ಅಕ್ಕಪಕ್ಕದವರೆಲ್ಲ ಓಡಿ ಬಂದಿದ್ದರಂತೆ. ಸರಿ, ಸೈಕಲ್ ನನ್ನ ಬಳಿ ಬರದಿದ್ದರೆ ನಾನೇ ಸೈಕಲ್ ಬಳಿ ಬರುತ್ತೇನೆ ಎಂದೆ. ಅಂದಿನಿಂದ ಪ್ರತಿ ಭಾನುವಾರ ಸ್ಕೂಟರಿನಲ್ಲಿ ಟೂಲ್ ಡಬ್ಬಿ ಕಟ್ಟಿಕೊಂಡು ನಂಜನಗೂಡಿನಿಂದ ಹೆಮ್ಮಿಗೆಗೆ. ಕೆಲಸದ ಜಾಗ ಅವರ ಮನೆಯ ಜಗಲಿ, ಮೇಸ್ತ್ರಿಯ ಕೋಣೆಯ ಕಿಟಕಿಯ ಕೆಳಗೇ. ಕಿಟಕಿಗೆ ಹಳೆಯ ಸೀರೆಯ ಪರದೆ.

ಸೈಕಲ್ ಹೊರಗೆ ತಂದ ದಿನ ನಾನು ಅದರ ಸುತ್ತ ಎರಡು ಸಲ ಸುತ್ತಿ ಬಂದೆ. ಹಗುರವಾದ ಫ್ರೇಮ್. ಕೊಳವೆಗಳು ಸೇರುವ ಕಡೆ ಲೋಹವನ್ನು ಎಲೆಯ ತುದಿಯಂತೆ ಸಣ್ಣಗೆ ಅರ ಹಾಕಿದ್ದರು. ಕಂಪನಿಯ ಹೆಸರಿನ ಬಿಲ್ಲೆ ಉದುರಿಹೋಗಿತ್ತು. ಟೈರು ರೊಟ್ಟಿಯಂತೆ ಮುರಿಯುತ್ತಿತ್ತು, ಬ್ರೇಕಿನ ರಬ್ಬರು ಕಲ್ಲಾಗಿತ್ತು, ಸೀಟಿನ ಚರ್ಮ ಬಾಯಿ ಬಿಟ್ಟಿತ್ತು. ಆದರೆ ಫ್ರೇಮ್ ಎಲ್ಲೂ ಬಾಗಿರಲಿಲ್ಲ. ದಾರ ಹಿಡಿದು ಎರಡೂ ಕಡೆ ನೋಡಿದೆ, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಫೋರ್ಕು, ಬೋಲ್ಟುಗಳಿಗೆ ಕೂತ ಸ್ಪ್ಯಾನರ್ ನೋಡಿ ಇದು ಇಂಗ್ಲೆಂಡಿನದು ಎಂದು ತೀರ್ಮಾನಿಸಿದೆ. ಆ ತೀರ್ಮಾನ ಸರಿಯಾಗಿಯೇ ಇತ್ತು. ತೊಂದರೆ ಬಂದದ್ದೂ ಅದರಿಂದಲೇ.

ಮೊದಲ ಭಾನುವಾರ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಪ್ರತಿ ಸಂದಿಗೂ ಬಿಟ್ಟು, ಚಕ್ರಗಳನ್ನು ಕಳಚಿದೆ. ಒಂದು ನಟ್ಟಿಗೆ ಸ್ಪ್ಯಾನರ್ ಹಾಕಿದ್ದೇ ತಡ, ಕಿಟಕಿಯ ಒಳಗಿಂದ ಒಂದು ಸ್ವರ ಬಂತು.

"ಮರೆ."

ಮಗಳು ಕೊಟ್ಟಿಗೆಯಿಂದ ಓಡಿಬಂದರು. "ಬಿಸ್ಲು ಬೀಳ್ತಾ ಅದೆ, ಮರೆ ಮಾಡು ಅಂತವ್ರೆ" ಎಂದು ಕಿಟಕಿಯ ಪರದೆ ಎಳೆದರು. ಒಳಗೆ ಮಂಚಕ್ಕೆ ಕೈ ಬಡಿದ ಸದ್ದು. "ನೋಡಿ, ಇಂಗೇಯ. ಮರೆ ಮಾಡುದ್ರೂ ಕ್ವಾಪ, ಮಾಡ್ದಿದ್ರೂ ಕ್ವಾಪ."

ಎರಡನೆಯ ಭಾನುವಾರ ಪೆಡಲಿನ ತೋಳುಗಳನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ನುಗಳ ಕೆಲಸ. ಸುತ್ತಿಗೆಯಿಂದ ಹೊಡೆದರೆ ತಲೆ ಚಪ್ಪಟೆಯಾಗಿ ಪಿನ್ನು ಇನ್ನೂ ಬಿಗಿಯುತ್ತದೆ. ನಾನು ಬಡಗಿಗಳ ಕ್ಲ್ಯಾಂಪ್ ಹಾಕಿ ನಿಧಾನವಾಗಿ ಒತ್ತಿದೆ. ಎರಡೂ ಪಿನ್ನು 'ಟಿಕ್' ಎಂದು ಹೊರಗೆ ಬಂದವು. ಒಳಗಿಂದ "ಹ್ಞೂಂ" ಎಂಬ ದನಿ ಕೇಳಿಸಿತು. ಇನ್‌ಸ್ಪೆಕ್ಟರ್ ಕ್ಲಾಸಿಗೆ ಬಂದು ತಲೆದೂಗಿದಷ್ಟು ಖುಷಿಯಾಯಿತು ನನಗೆ. ಅವತ್ತೂ ಮೂರು ಸಲ "ಮರೆ" ಎಂದರು. ಎರಡು ಸಲ ಮಗಳು ಬಂದು, ಗಾಳಿಗೆ ಸರಿದಿದ್ದ ಪರದೆ ಎಳೆದರು. ಮೂರನೆಯ ಸಲ ನಾನೇ ಎದ್ದು ಎಳೆದೆ.

ಆಮೇಲೆ ಆ ಮೂರನೆಯ ಭಾನುವಾರ.

ಪೆಡಲಿನ ಅಚ್ಚು ಫ್ರೇಮಿನ ಕೆಳಗಿರುವ ಒಂದು ಗಿಡ್ಡ ಕೊಳವೆಯೊಳಗೆ ತಿರುಗುತ್ತದೆ. ಆ ಕೊಳವೆಯ ಎರಡೂ ಬದಿಗೆ ಒಂದೊಂದು ಉಕ್ಕಿನ ಬಟ್ಟಲು, ಅದಕ್ಕೆ ಕಪ್ಪು ಎನ್ನುತ್ತಾರೆ. ಬಾಲ್ಸುಗಳು ಓಡುವುದು ಅದರೊಳಗೆ. ಎಡಗಡೆಯ ಕಪ್ಪು ಸಲೀಸಾಗಿ ಬಂತು. ಗ್ರೀಸು ಒಣಗಿ ಡಾಂಬರಾಗಿತ್ತು. ಬೆರಳು ತೂರಿಸಿ ನೋಡಿದರೆ ಬಲಗಡೆಯ ಕಪ್ಪಿನ ಒಳಮೈ ಗುಳಿಗುಳಿ. ಅದನ್ನು ತೆಗೆಯದೆ ಗತ್ಯಂತರವಿಲ್ಲ.

ನಮ್ಮ ಹುಚ್ಚಿನವರಿಗೆಲ್ಲ ಬಾಯಿಪಾಠವಾದ ಒಂದು ಸೂತ್ರವಿದೆ. ಇಂಗ್ಲೆಂಡಿನ ಸೈಕಲ್ಲಿನಲ್ಲಿ ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್, ಅಂದರೆ ತಿರುಪಿನ ಗೆರೆಗಳು ಉಲ್ಟಾ ಸುತ್ತಿರುತ್ತವೆ. ಬೇರೆಲ್ಲವನ್ನೂ ಎಡಕ್ಕೆ ತಿರುಗಿಸಿ ಬಿಚ್ಚಿದರೆ ಇದೊಂದನ್ನು ಬಲಕ್ಕೆ ತಿರುಗಿಸಿ ಬಿಚ್ಚಬೇಕು. ತಿಳಿಯದವರು ಎಡಕ್ಕೆ ತಿರುಗಿಸಿ ಇನ್ನಷ್ಟು ಬಿಗಿದು ಹಾಳು ಮಾಡುತ್ತಾರೆ. ನಾನು ತಿಳಿದವಳು. ಬಲಕ್ಕೆ ತಿರುಗಿಸಿದೆ. ಅಲುಗಲಿಲ್ಲ. ಕೊಳವೆಗೆ ಬಿಸಿನೀರು ಹೊಯ್ದು ಮತ್ತೆ ತಿರುಗಿಸಿದೆ. ಅಲುಗಲಿಲ್ಲ. ಸ್ಪ್ಯಾನರ್ ಕಿರ್ರೆಂದಿತು.

"ಬಲ" ಎಂದರು ಮೇಸ್ತ್ರಿ ಒಳಗಿಂದ. ಬಹಳ ಹೊತ್ತು ಸುಮ್ಮನಿದ್ದು, ಕಷ್ಟಪಟ್ಟು, "ಮರೆ" ಎಂದರು.

ಮಗಳು ಪರದೆ ಎಳೆದರು. ನಾನು ಬಲ ಹಾಕಿದೆ. ಬಲ ಹಾಕು ಅನ್ನುತ್ತಿರಬೇಕು, ಇಲ್ಲವೇ ಬಲಕ್ಕೆ ತಿರುಗಿಸು ಅನ್ನುತ್ತಿರಬೇಕು. ಯಾವುದಾದರೂ ನನ್ನ ಸೂತ್ರಕ್ಕೆ ಸರಿಯಾಗಿಯೇ ಇತ್ತು. ಬೋರ್‌ವೆಲ್ ಪೈಪಿನ ಒಂದು ತುಂಡನ್ನು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಿದೆ. ಅಳಿಯ ಫ್ರೇಮ್ ಅಮುಕಿ ಹಿಡಿದರು, ನಾನು ಪೈಪಿನ ತುದಿಗೆ ಮೈಭಾರವನ್ನೆಲ್ಲ ಬಿಟ್ಟೆ. "ಬಲ! ಬಲ!" ಒಳಗಿಂದ ಕೂಗು ಜೋರಾಯಿತು. ನಾನೂ ಇನ್ನೂ ಜೋರಾಗಿ ತುಳಿದೆ.

'ಟಕ್' ಎಂದಿತು. ಸ್ಪ್ಯಾನರ್ ಜಾರಿ ಕಪ್ಪಿನ ಅಂಚು ಸವೆದು ಗುಂಡಗಾಯಿತು. ಕೊಳವೆಯ ಬಣ್ಣದ ಮೇಲೆ ಕೂದಲಿನಂಥ ಒಂದು ಗೆರೆ ಎದ್ದಿತು.

ಆ ಗೆರೆ ಬಣ್ಣದ್ದೋ ಲೋಹದ್ದೋ ತಿಳಿಯಲಿಲ್ಲ. ಲೋಹ ಸೀಳಿದ್ದರೆ ಸೈಕಲ್ ಗುಜರಿಗೆ. ಒಳಗೆ ಮೇಸ್ತ್ರಿ ಅಳುತ್ತಿದ್ದರು. ದೊಡ್ಡ ದನಿಯಲ್ಲಲ್ಲ, ಸೋತವರ ದನಿಯಲ್ಲಿ. ಮಗಳು ಕೋಣೆಗೂ ಜಗಲಿಗೂ ನಡುವೆ ನಿಂತು, "ಇರ್ಲಿ ಬುಡಿ ಮೇಡಂ. ನೀವೇನ್ ಬೇಕಂತ ಮಾಡುದ್ರಾ" ಎಂದರು. ಕಣವ್ವ ಹೋಗಿ ಮೇಡಂ ಬಂದದ್ದು ನನಗೆ ಚೆನ್ನಾಗಿ ಕೇಳಿಸಿತು. ಅವತ್ತು ಕಬ್ಬಿನ ಲಾರಿಗಳ ಹಿಂದೆ ಸ್ಕೂಟರ್ ಓಡಿಸಿಕೊಂಡು ಬರುವಾಗ ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಈವರೆಗೆ ಯಾವ ವಿದ್ಯಾರ್ಥಿಯ ಮೇಲೂ ಬಂದಿಲ್ಲ.

ಮುಂದಿನ ಭಾನುವಾರ ಹೋಗಲಿಲ್ಲ. ಫೋನಿನಲ್ಲಿ ಏನೋ ಸುಳ್ಳು ಹೇಳಿದೆ. ಅತ್ತೆ ಹುಣಸೆಹಣ್ಣಿನ ಉಂಡೆಯನ್ನು ಎಂದಿನಂತೆ ಎತ್ತಿಟ್ಟಿದ್ದರು. ಅದು ಅಲ್ಲೇ ಒಣಗುವುದನ್ನು ನೋಡಿ ವಿಷಯ ಕೇಳಿದರು. ಎಲ್ಲ ಹೇಳಿದೆ.

"ಲೆಕ್ಕ ತಾಳೆ ಆಗ್ದಿದ್ರೆ ನಿನ್ನ ಮಕ್ಕಳಿಗೆ ಏನು ಹೇಳ್ತೀಯೇ?" ಎಂದರು.

"ಪ್ರಶ್ನೆ ಇನ್ನೊಂದ್ಸಲ ಓದಿ ಅಂತೀನಿ."

"ಮತ್ತೆ ಓದು ಹೋಗು. ಆ ಮನುಷ್ಯ ಏನೋ ಹೇಳ್ತಾನೇ ಇದಾರೆ ಅಂತೀಯ. ನೀನು ಕಬ್ಬಿಣದ ಮಾತು ಕೇಳ್ತಾ ಕೂತಿದೀಯ."

ಅತ್ತೆ ಶಾಲೆ ಕಲಿತದ್ದು ಅಷ್ಟಕ್ಕಷ್ಟೇ, ಆದರೆ ನನಗೆ ಮಾರ್ಕು ಹಾಕುವುದರಲ್ಲಿ ಅವರು ಎಂದೂ ತಪ್ಪಿಲ್ಲ. ಅವತ್ತು ಒಂದು ತೀರ್ಮಾನ ಮಾಡಿದೆ. ಇನ್ನು ಆ ಕಪ್ಪಿಗೆ ಸ್ಪ್ಯಾನರ್ ಹಚ್ಚುವುದಿಲ್ಲ. ಮೊದಲು ಮೇಸ್ತ್ರಿ ಏನು ಹೇಳುತ್ತಿದ್ದಾರೆ ಎಂದು ತಿಳಿಯಬೇಕು. ಮನೆಯವರಿಗೆ ಅವರ ಕಸುಬಿನ ಮಾತು ಗೊತ್ತಿಲ್ಲ. ನನ್ನ ಕಸುಬು ಇಂಟರ್‌ನೆಟ್ಟಿನದು, ಅದೂ ಇಂಗ್ಲಿಷಿನದು. ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಬೇಕು.

ಮರುವಾರ ಮೇಸ್ತ್ರಿಯ ಮಗಳನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡು ತಿ. ನರಸೀಪುರಕ್ಕೆ ಹೋದೆ. ಮೇಸ್ತ್ರಿಯ ಶಾಪಿನಲ್ಲಿ ಕೆಲಸ ಕಲಿತವರೊಬ್ಬರು ಮಾರ್ಕೆಟ್ಟಿನ ಹಿಂದೆ ಸ್ವಂತ ಅಂಗಡಿ ಇಟ್ಟಿದ್ದರು. ಅವರಿಗೂ ಅರವತ್ತು ದಾಟಿತ್ತು. ಮೇಸ್ತ್ರಿಯ ಹೆಸರು ಎತ್ತುತ್ತಲೇ ತಲೆ ತಗ್ಗಿಸಿದರು. "ನೋಡ್ಕಂಡ್ ಬರಾಕ್ ಓಗ್ಬೇಕು ಓಗ್ಬೇಕು ಅಂತ ಅಂದ್ಕತ್ತಾನೇ ಇವ್ನಿ ಮೇಡಂ. ಅವ್ರು ಮಾತಾಡ್ದೆ ಮನ್ಗಿರೋದ ನೋಡಕ್ಕೆ ಮನ್ಸೇ ಬರ್ನಿಲ್ಲ."

ಮಾತು ಮುಂದೆ ಹೇಗೆ ತೆಗೆಯುವುದೆಂದು ತಿಳಿಯದೆ, ಚೀಲದಲ್ಲಿದ್ದ ಸೀಟಿನ ಬೋಲ್ಟನ್ನು ಕೊಟ್ಟು ಇಂಥದ್ದು ಇದೆಯೇ ಎಂದೆ. ಅವರು ನಟ್ಟನ್ನು ಎರಡು ಸುತ್ತು ತಿರುಗಿಸಿ, ಬೆಳಕಿಗೆ ಹಿಡಿದು, ವಾಪಸು ನನ್ನ ಅಂಗೈಗೆ ಹಾಕಿದರು.

"ಇದ್ರ ಮರೆ ಓಗದೆ ಕಣ್ ಮೇಡಂ."

"ಏನು ಹೋಗಿದೆ?"

"ಮರೆ. ಮರೆ ಸವುದೋಗದೆ. ಈಗಿನೋರು ತ್ರೆಡ್ಡು ಅಂತಾರಲ್ಲ, ಅದೇಯ. ನಮ್ ಮೇಸ್ತ್ರಿ ಕಲ್ಸಿದ್ ಮಾತು, ನಂಗೆ ಇನ್ನೂ ಅದೇ ಬಾಯಿಗ್ ಬತ್ತದೆ."

ನಾನು ಅಂಗಡಿಯ ಮುಂದಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟೆ. "ಬಲ, ಮರೆ ಅಂದ್ರೆ?" ಎಂದೆ.

"ಬಲ್ಮರೆ. ಎಡ್ಮರೆ, ಬಲ್ಮರೆ ಅಂತ ಎಲ್ಡದೆ. ಬಲಕ್ ಬಿಗ್ಯೋದು ಬಲ್ಮರೆ, ಎಡಕ್ ಬಿಗ್ಯೋದು ಎಡ್ಮರೆ. ಯಾಕ್ ಮೇಡಂ, ಉಸಾರಾಗಿದ್ದೀರಾ?"

ಹುಷಾರಾಗಿರಲಿಲ್ಲ. ಆ ಮನುಷ್ಯ ಮೂರು ಭಾನುವಾರ ನನಗೆ ಪಾಠ ಹೇಳಿದ್ದರು. ಆ ಕಪ್ಪಿನದು ಉಲ್ಟಾ ಥ್ರೆಡ್ ಅಲ್ಲ, ಬಲಮರೆ, ಎಡಕ್ಕೆ ತಿರುಗಿಸು ಎಂದು. ನಾವು ಬಲ ಹಾಕಿ ಇನ್ನಷ್ಟು ಬಿಗಿದೆವು, ಮರೆ ಮಾಡಿ ಅವರಿಗೆ ಸೈಕಲ್ಲೇ ಕಾಣದಂತೆ ಪರದೆ ಎಳೆದೆವು. ಇದ್ದ ಎರಡೇ ಮಾತನ್ನು ಅವರು ಸರಿಯಾಗಿಯೇ ಆಡಿದ್ದರು.

ಅಲ್ಲಿಂದ ನೇರ ಹೆಮ್ಮಿಗೆಗೆ ಹೋದೆ. ಕೋಣೆಗೆ ಹೋಗಿ ಮೊದಲು ಪರದೆ ಸರಿಸಿದೆ. ಮೇಸ್ತ್ರಿ ಗೋಡೆಯ ಕಡೆ ತಿರುಗಿದ್ದರು. ಮಂಚದ ಪಕ್ಕ ನೆಲದ ಮೇಲೆ ಕುಳಿತು, "ಮೇಸ್ತ್ರೀ, ಬಲಗಡೆ ಕಪ್ಪು ಬಲಮರೆನಾ?" ಎಂದೆ.

ಅವರು ತಿರುಗಿದರು. ನನ್ನ ಮುಖವನ್ನು ನೋಡಿದರು. ಆಮೇಲೆ ಎಡಗೈ ಚಾಚಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಆ ಹಿಡಿತ ಕಾಯಿಲೆಯವರದಾಗಿರಲಿಲ್ಲ.

"ಬಲ್ಮರೆ" ಎಂದರು, ಒಂದೇ ಉಸಿರಿಗೆ. ಎರಡು ತುಂಡಾಗದೆ ಆ ಮಾತು ಬಂದದ್ದು ಅದೇ ಮೊದಲು.

ಬಾಗಿಲಲ್ಲಿ ನಿಂತಿದ್ದ ಮಗಳಿಗೆ ನಾನು ಅರ್ಥ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯೋ ಅಪ್ಪಾ, ನೀನ್ ಸೈಕಲ್ ಮಾತಾಡ್ತಿದ್ರೆ ನಾನು ಪರ್ದೆ ಎಳೀತಿದ್ನಲ್ಲಪ್ಪಾ" ಎಂದು ಅಪ್ಪನ ಕಾಲ ಬಳಿ ಕುಳಿತು ಅತ್ತರು. ಮೇಸ್ತ್ರಿ ನನ್ನ ಕೈ ಬಿಟ್ಟು ಮಗಳ ತಲೆಯ ಮೇಲೆ ಕೈಯಿಟ್ಟರು. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇನು.

ಆಮೇಲೆ ಹೌದು ಅಲ್ಲ ಎಂದು ಉತ್ತರ ಬರುವ ಪ್ರಶ್ನೆಗಳನ್ನೇ ಕೇಳುತ್ತಾ ಹೋದೆ. ಹೌದಾದರೆ ಅವರು ಒಂದು ಬೆರಳು ಎತ್ತುತ್ತಿದ್ದರು. ಮಕ್ಕಳಿಂದ ಬಿಟ್ಟ ಸ್ಥಳ ತುಂಬಿಸಿ ಅಭ್ಯಾಸವಿದ್ದವಳಿಗೆ ಅದೇನೂ ಕಷ್ಟವಾಗಲಿಲ್ಲ. ಕೊಳವೆಯ ಹಳೆಯ ಮರೆ ಯಾವಾಗಲೋ ಕಿತ್ತುಹೋಗಿತ್ತು. ದೊಡ್ಡ ಅಳತೆಯ ಬೇರೆ ಕಪ್ಪುಗಳನ್ನು ತರಿಸಿ, ಮೈಸೂರಿನಲ್ಲಿ ಲೇತಿಗೆ ಕೊಟ್ಟು, ಆ ಅಳತೆಗೆ ಎರಡೂ ಕಡೆ ಬಲಮರೆ ಹೊಡೆಸಿದ್ದರು. "ಊಂ ಕಣವ್ವ, ನಾನು ಚಿಕ್ಕೋಳು" ಎಂದು ಮಗಳಿಗೂ ನೆನಪಾಯಿತು, "ಚಕ್ರ ಇಲ್ದಿರೋ ಸೈಕಲ್ನ ಬಸ್ ಮ್ಯಾಲ್ ಆಕ್ಕಂಡು ಓಗಿದ್ರು." ಅಂದರೆ ಫ್ರೇಮ್ ಇಂಗ್ಲೆಂಡಿನದೇ. ಮರೆ ಮಾತ್ರ ಮೇಸ್ತ್ರಿಯದು, ಅದು ನನ್ನ ಯಾವ ಸೂತ್ರದಲ್ಲೂ ಇರಲಿಲ್ಲ. ಜಗಲಿಗೆ ಹೋಗಿ ಕೊನೆಗೂ ಡಬ್ಬಿಯಿಂದ ಕ್ಯಾಲಿಪರ್ ತೆಗೆದೆ. ಎಡಗಡೆಯ ಕಪ್ಪು ಮೂವತ್ತಾರು ಮಿಲಿಮೀಟರ್. ಇಂಗ್ಲೆಂಡಿನದಾದರೆ ಮೂವತ್ತೈದೂ ಇರಬಾರದು. ಅದು ಮೂರನೆಯ ಭಾನುವಾರವೇ ನನ್ನ ಕೈಯಲ್ಲಿತ್ತು, ಅಳೆಯಲು ಅರ್ಧ ನಿಮಿಷ ಸಾಕಿತ್ತು.

ಬಣ್ಣದ ಗೆರೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಕೆಳಗೆ ಲೋಹ ಹೊಳೆಯಿತು. ಸೀಳಿರಲಿಲ್ಲ, ಬಿರಿದದ್ದು ಬಣ್ಣ ಮಾತ್ರ. ನಂಜುಂಡೇಶ್ವರನಿಗೆ ಅಲ್ಲಿಂದಲೇ ಕೈಮುಗಿದೆ.

ಮುಂದಿನ ಭಾನುವಾರ ತಿ. ನರಸೀಪುರದ ಅಂಗಡಿಯವರು, ಕಬ್ಬಿಣವನ್ನು ಕಚ್ಚಿ ಹಿಡಿಯುವ ತಮ್ಮ ದೊಡ್ಡ ವೈಸನ್ನೇ ಬಿಚ್ಚಿ ಆಟೋದಲ್ಲಿ ಹಾಕಿಕೊಂಡು ಬಂದರು. ಕೋಣೆಯೊಳಗೆ ಹೋಗಿ ಮೇಸ್ತ್ರಿಯ ಕಾಲು ಮುಟ್ಟಿದರು. "ತಡ ಆಯ್ತು ಮೇಸ್ತ್ರಿ" ಎಂದರು. ಮೇಸ್ತ್ರಿ ಅವರ ಕಿವಿ ಹಿಡಿದು ಒಂದು ಸಲ ಹಿಂಡಿದರು, ಅರವತ್ತು ದಾಟಿದ ಕಿವಿ. ಅಷ್ಟಕ್ಕೆ ಇಬ್ಬರ ನಡುವಿನ ಬಾಕಿ ಮಾತು ಮುಗಿಯಿತು.

ವೈಸನ್ನು ಸೌದೆ ಸೀಳುವ ಕೊರಡಿಗೆ ಬೋಲ್ಟು ಹಾಕಿ ಕೂರಿಸಿದೆವು. ಅಂಗಡಿಯವರು ಕಪ್ಪಿನ ಗುಂಡಗಾದ ಅಂಚನ್ನು ಅರ ಹಾಕಿ ಮತ್ತೆ ಚಪ್ಪಟೆ ಮಾಡಿದರು. ಕಪ್ಪನ್ನು ವೈಸಿನ ಬಾಯಿಗೆ ಕಚ್ಚಿಸಿ, ಫ್ರೇಮನ್ನು ಅದರ ಮೇಲೆ ಅಡ್ಡ ಮಲಗಿಸಿದೆವು. ಹೀಗೆ ಮಾಡಿದರೆ ಕಪ್ಪನ್ನು ತಿರುಗಿಸುವ ಗೋಜಿಲ್ಲ. ಅದು ನಿಂತಿರುತ್ತದೆ, ಇಡೀ ಸೈಕಲ್ಲೇ ಸ್ಪ್ಯಾನರ್ ಆಗುತ್ತದೆ. ಕಿಟಕಿಯ ಪರದೆ ಪೂರ್ತಿ ತೆರೆದಿತ್ತು, ಮೇಸ್ತ್ರಿ ದಿಂಬಿಗೆ ಒರಗಿ ಕುಳಿತಿದ್ದರು. ನಾನೊಂದು ತುದಿ, ಅಂಗಡಿಯವರೊಂದು ತುದಿ ಹಿಡಿದು ಎಡಕ್ಕೆ ತಳ್ಳಿದೆವು. ಮೊದಲು ಏನೂ ಇಲ್ಲ. ನಾನು ಕಿಟಕಿಯ ಕಡೆ ನೋಡಿದೆ.

ಮೇಸ್ತ್ರಿ ಎಡಗೈಯನ್ನು ಗಾಳಿಯಲ್ಲಿ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಆಡಿಸಿದರು.

"ಒಂದೇ ಸಮ ತಳ್ಬೇಡಿ, ಇಂದುಕ್ ಮುಂದುಕ್ ಆಡ್ಸಿ ಅಂತಾವ್ರೆ" ಎಂದರು ಅಂಗಡಿಯವರು. ಆಡಿಸಿದೆವು. ನಾಲ್ಕನೆಯ ಸಲಕ್ಕೆ ಕೀರ್ ಎಂದು ಒಂದು ಸದ್ದು ಬಂತು, ಸೈಕಲ್ ತಿರುಗಿತು. ಒಂದು ಸುತ್ತು, ಎರಡು ಸುತ್ತು. ಗಾಣಕ್ಕೆ ಕಟ್ಟಿದವರಂತೆ ನಾವಿಬ್ಬರೂ ಕೊರಡಿನ ಸುತ್ತ ನಡೆದೆವು. ಫ್ರೇಮ್ ಮೇಲಕ್ಕೆ ಬಂತು.

ಕಪ್ಪಿನ ಮರೆಯ ಪ್ರತಿ ಸುತ್ತಿಗೂ ಸಣ್ಣ ನೂಲು ಸುತ್ತಿ ಕೆಂಪು ಬಣ್ಣ ಹಚ್ಚಿತ್ತು. ಬಲಗಡೆಗೆ ಬಲಮರೆ ಹಾಕಿದರೆ ತುಳಿದಂತೆಲ್ಲ ಕಪ್ಪು ಸಡಿಲವಾಗುತ್ತದೆ ಎಂದು ಗೊತ್ತಿದ್ದು ಮಾಡಿದ ಕೆಲಸ ಅದು. ಅಷ್ಟು ವರ್ಷ ತುಳಿದರೂ ಸಡಿಲವಾಗಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಈ ಮೇಸ್ತ್ರಿಯ ಶಿಷ್ಯೆಯಾಗುವ ಪುಣ್ಯ ತಡವಾಗಿಯಾದರೂ ಬಂತಲ್ಲ ಎನಿಸಿತು. ಗುಳಿ ಬಿದ್ದ ಕಪ್ಪಿಗೆ ಬದಲಿ ಎಲ್ಲಿ ಹುಡುಕುವುದು ಎಂಬ ಚಿಂತೆಯನ್ನೂ ಅವರೇ ಪರಿಹರಿಸಿದರು. ಅಟ್ಟದ ಕಡೆ ಬೆರಳು ತೋರಿಸಿದರು. ಅಳಿಯ ಹತ್ತಿ ಇಳಿಸಿದ ಬಿಸ್ಕತ್ತಿನ ಡಬ್ಬಿಯಲ್ಲಿ, ಎಣ್ಣೆಬಟ್ಟೆ ಸುತ್ತಿ, ಅದೇ ಅಳತೆಯ ಇನ್ನೊಂದು ಜೊತೆ ಕಪ್ಪು ಇತ್ತು. ಮುಂದೊಂದು ದಿನ ಯಾರಾದರೂ ಬಿಚ್ಚಿಯಾರು ಎಂದು ಆಗಲೇ ಎರಡು ಜೊತೆ ತಂದಿದ್ದರು.

ಉಳಿದದ್ದು ತಾಳ್ಮೆಯ ಕೆಲಸ. ಕಡೆಯ ಎರಡು ಭಾನುವಾರ ಹ್ಯಾಂಡಲ್ಲಿಗೂ ರಿಮ್ಮಿಗೂ ಅತ್ತೆಯ ಹುಣಸೆಹುಳಿ, ಬೂದಿ, ಆಮೇಲೆ ಎಣ್ಣೆಬಟ್ಟೆ. ಮೈಸೂರಿನಲ್ಲಿ ಅಲೆದು ಟೈರು ತಂದೆ. ಬಣ್ಣ ಹೊಸದಾಗಿ ಹೊಡೆಯಲಿಲ್ಲ, ಇದ್ದ ನೀಲಿಯನ್ನೇ ಮೇಣ ಹಚ್ಚಿ ಉಜ್ಜಿದೆ. ನಾನು ಹಾಕಿದ ಆ ಗೆರೆಯನ್ನೂ ಹಾಗೇ ಬಿಟ್ಟೆ, ಅದು ನನಗಿರಲಿ. ಹೊಸ ಕಪ್ಪಿಗೆ ಮೇಸ್ತ್ರಿ ಮಾಡಿದಂತೆಯೇ ನೂಲು ಸುತ್ತಿ ಬಣ್ಣ ಹಚ್ಚಿ ಬಿಗಿದೆ, ಬಲಕ್ಕೆ. ಕಡೆಗೆ ಸೈಕಲ್ ಏರಿ ಊರಾಚೆಯ ನಾಲೆಯವರೆಗೆ ಹೋಗಿ ಬಂದೆ. ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ವಾಪಸು ಬಂದಾಗ ಸಂಜೆ ನಾಲ್ಕಾಗಿತ್ತು. ಜಗಲಿಯಲ್ಲಿ ಒಂದು ಕುರ್ಚಿ ಹಾಕಿತ್ತು. ಅದರಲ್ಲಿ ಮೇಸ್ತ್ರಿ ಇದ್ದರು, ಒಗೆದ ಪಂಚೆ, ಬಿಳಿ ಅಂಗಿ. "ಯಾರೂ ಕರೀನಿಲ್ಲ ಕಣವ್ವ" ಎಂದರು ಮಗಳು ಪಿಸುದನಿಯಲ್ಲಿ. ಮೇಡಂ ಹೋಗಿ ಕಣವ್ವ ವಾಪಸು ಬಂದು ಆಗಲೇ ಮೂರು ವಾರವಾಗಿತ್ತು. "ನೀವು ತುಳ್ಕಂಡ್ ಓದ್ರಲ್ಲ, ಆ ಸದ್ದು ಕೇಳುದ್ರು. ಗ್ವಾಡೆ ಇಡ್ಕಂಡು ತಾವೇ ಎದ್ ಬಂದ್ರು."

ಸೈಕಲ್ಲಿನ ಹಿಂಚಕ್ರ ಎತ್ತಿ ಹಿಡಿದೆ. ಮೇಸ್ತ್ರಿ ಎಡಗೈಯಿಂದ ಪೆಡಲ್ ತಿರುಗಿಸಿ ಬಿಟ್ಟರು. ಚಕ್ರ ಓಡಿತು. ಕೊಳವೆಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು, ನಾಡಿ ನೋಡುವವರ ಹಾಗೆ. ಪೆಡಲಿನ ತೋಳನ್ನು ಅತ್ತಿತ್ತ ಅಲ್ಲಾಡಿಸಿದರು, ಸಡಿಲದ ಆಟ ಇರಲಿಲ್ಲ. "ಹ್ಞೂಂ" ಎಂದರು. ಆಮೇಲೆ ಕಣ್ಣು ಬಿಟ್ಟು, ಮುಖ ಕಿವುಚಿ ಹೇಳಿದರು.

"ಮರೆ."

ಸ್ಪ್ಯಾನರ್ ತೆಗೆದುಕೊಂಡು ಮಂಡಿಯೂರಿದೆ. "ಯಾವುದು ಮೇಸ್ತ್ರೀ? ಎಡಮರೆನಾ, ಬಲಮರೆನಾ?" ಬೆರಳು ಏಳಲಿಲ್ಲ. ಕಪ್ಪು ನೋಡಿದೆ, ಬಿಗಿ. ಎಡ ಪೆಡಲ್ ನೋಡಿದೆ, ಬಿಗಿ. ಚಕ್ರದ ನಟ್ಟು, ಸೀಟಿನ ಬೋಲ್ಟು, ಎಲ್ಲ ಬಿಗಿ. "ಮರೆ!" ಎಂದರು ರೇಗಿ. ಮಗಳೂ ಬಗ್ಗಿ, "ಆ ಚೈನ್ ಅತ್ರದ್ದು ನೋಡವ್ವ, ಆ ಮರೆ ಇರ್ಬೇಕು" ಎಂದು ತೋರಿಸತೊಡಗಿದರು.

ಮೇಸ್ತ್ರಿ ನಮ್ಮಿಬ್ಬರನ್ನೂ ಒಂದು ಸಲ ನೋಡಿ, ನಿಧಾನವಾಗಿ ಎಡಗೈ ಎತ್ತಿ ಹಣೆಗೆ ಅಡ್ಡ ಹಿಡಿದರು. ಸೂರಿನ ಕೆಳಗಿಂದ ನುಗ್ಗಿದ ಇಳಿಬಿಸಿಲು ನೇರ ಅವರ ಕಣ್ಣಿಗೆ ಬೀಳುತ್ತಿತ್ತು.

"ಅಯ್ಯೋ, ಬಿಸ್ಲು ಕಣವ್ವ!" ಎಂದರು ಮಗಳು.

ಮೊದಲು ನಕ್ಕವರು ಮೇಸ್ತ್ರಿಯೇ. ನಗುವಿಗೆ ಮಾತು ಬೇಕಿಲ್ಲವಲ್ಲ, ಅದು ಇಡಿಯಾಗಿ ಬಂತು. ನಾನು ಸ್ಪ್ಯಾನರ್ ಕೆಳಗಿಟ್ಟು ಎದ್ದು, ಅವರ ಮುಂದೆ ಬಿಸಿಲಿಗೆ ಅಡ್ಡ ನಿಂತುಕೊಂಡೆ.